ತಂಬಿಗೆಯ ಮೇಲಿನ ಮಬ್ಬು

ಹೊಳೆದಂಡೆಯ ಶೇಷಾವಧಾನಿಗಳ ಆಶ್ರಮದಲ್ಲಿ ಪಾಠದ ಕ್ರಮ ಒಂದೇ. ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಕಪಿಲನ ಶ್ರದ್ಧೆಯಂತೂ ಕೇಳುವುದೇ ಬೇಡ. ಗುರುಗಳು ನಡುವೆ ಕೆಮ್ಮಿದರೆ ಅದನ್ನೂ ಎರಡು ಸಲ ಕೆಮ್ಮುತ್ತಿದ್ದ.

ಹೀಗೇ ಹನ್ನೆರಡು ವರ್ಷ ಕಳೆಯಿತು. ಆಚೆ ದಡದ ಪಾಠಶಾಲೆಗೆ ಅವನೇ ಗುರುವಾಗಿ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿಗೆ ಹೋಗಿ ಒಂದು ಶ್ಲೋಕ ಹೇಳಿ ಬಂದವನು ಮುಖ ಜೋಲುಹಾಕಿಕೊಂಡು ಕೂತ.

"ಮಕ್ಕಳು ನಕ್ಕುಬಿಟ್ಟರು, ಗುರುಗಳೇ. ಶ್ಲೋಕವನ್ನು ಮೂಗಿನಲ್ಲಿ ಹೇಳುತ್ತೇನಂತೆ."

ಅಂದಿನಿಂದ ಹಬೆ ತೆಗೆದುಕೊಂಡ, ಶುಂಠಿ ಕಷಾಯ ಕುಡಿದ, ಮೂಗಿಗೆ ತುಪ್ಪ ಬಿಟ್ಟುಕೊಂಡ. ಮೂಗು ಸ್ವಚ್ಛವಾಯಿತು, ದನಿ ಮಾತ್ರ ಇದ್ದ ಹಾಗೇ ಇತ್ತು.

"ಬೇರೆ ಯಾರನ್ನಾದರೂ ಕಳಿಸಿ," ಎಂದ ಒಂದು ಬೆಳಿಗ್ಗೆ. ಕಣ್ಣು ತುಂಬಿತ್ತು. ಮಕ್ಕಳಿಗೆ ಪಾಠ ಹೇಳಬೇಕು ಅನ್ನುವುದೊಂದೇ ಅವನ ಆಸೆಯಾಗಿತ್ತು, ಪಾಪ.

ಗುರುಗಳು ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯನ್ನು ಅವನ ಮೂಗಿನ ಕೆಳಗೆ ಹಿಡಿದರು.

"ಶ್ಲೋಕದ ಮೊದಲ ಆಕಾರ ಎಳೆ, ಆ... ಅಂತ."

ಎಳೆದ. ತಂಬಿಗೆ ಮಬ್ಬಾಯಿತು. ಗುರುಗಳು ಪಂಚೆಯ ತುದಿಯಿಂದ ಒರೆಸಿದರು.

"ಈಗ ಅಂಬಿಗನನ್ನು ಕರೆ."

"ಓ ಬೀರಾ, ಇತ್ತ ಬಾರೋ!"

ತಂಬಿಗೆ ಫಳಫಳ ಹೊಳೆಯುತ್ತಲೇ ಇತ್ತು.

ಕಪಿಲ ಪಿಳಿಪಿಳಿ ನೋಡಿದ. ಗುರುಗಳು ತಂಬಿಗೆಯನ್ನು ತಮ್ಮ ಮೂಗಿನ ಕೆಳಗೆ ಹಿಡಿದು ತಾವೂ ಬೀರನನ್ನು ಕರೆದರು. ಅದು ಪೂರ್ತಿ ಮಬ್ಬಾಯಿತು. ಆಮೇಲೆ ಬಾಯಿ ತೆರೆದು ತೋರಿಸಿದರು. ಅಂಗುಳದಲ್ಲಿ ತೊಗರಿಕಾಳಿನಷ್ಟು ತೂತು.

"ಹುಟ್ಟಿದಾಗಿನಿಂದ ಇದೆ. ಉಸಿರೆಲ್ಲ ಮೂಗಿಗೆ ಸೋರುತ್ತೆ. ನನಗಂತೂ ಇದಕ್ಕೆ ಮದ್ದು ಸಿಗಲಿಲ್ಲ. ನಿನ್ನ ಅಂಗುಳ ಗಟ್ಟಿಯಾಗಿದೆಯಲ್ಲೋ ಹುಚ್ಚಪ್ಪ, ನೀನು ಯಾಕೆ ಸೋರಿಸುತ್ತೀ? ದಿನಾ ತಂಬಿಗೆ ಹಿಡಿದುಕೊಂಡು ಆಕಾರ ಎಳೆ. ಮಬ್ಬು ಬಾರದ ಹಾಗೆ ಆಗುವ ತನಕ ಬಿಡಬೇಡ."

ಹನ್ನೆರಡು ವರ್ಷ ಜೊತೆಗಿದ್ದೂ ಕಪಿಲನಿಗೆ ಇದು ಗೊತ್ತಾಗಿರಲಿಲ್ಲ. ಶ್ಲೋಕದ ದನಿಯೇ ಹಾಗೆ ಅಂದುಕೊಂಡಿದ್ದ.

"ಶ್ಲೋಕ ಹೇಳುವಾಗೆಲ್ಲ ನೀವು ಪಕ್ಕದಲ್ಲೇ ಕೂತ ಹಾಗಿರುತ್ತೆ, ಗುರುಗಳೇ. ತಿದ್ದಿಕೊಂಡರೆ ಆಚೆ ದಡದಲ್ಲಿ ನಾನೊಬ್ಬನೇ ಆಗಿಬಿಡುತ್ತೇನೆ."

ಗುರುಗಳು ತಂಬಿಗೆಯನ್ನು ಅವನ ಕೈಗಿಟ್ಟು ತಲೆ ಸವರಿದರು.

"ನನ್ನ ನೆನಪಾದರೆ ಬೀರನ ದೋಣಿ ಹತ್ತಿ ಬಾ, ಉಂಡು ಹೋಗುವೆಯಂತೆ. ನನ್ನನ್ನು ಮೂಗಿನಲ್ಲಿಟ್ಟುಕೊಂಡು ತಿರುಗಬೇಡ."