ಕರಟದ ಪಿಟೀಲೂ ಹೌದೆನ್ನುವ ಹಲ್ಲಿಯೂ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದನ್ನು ನನಗೆ ಹೇಳಿದ್ದು ಚೆನ್ನೀರಪ್ಪನ ಮನೆಯ ಗೋಡೆಯ ಗೂಟ. ಆ ಗೂಟಕ್ಕೆ ಅವನ ಅಜ್ಜ ಮಾಡಿದ ಪಿಟೀಲು ನೇತಾಡುತ್ತಿತ್ತು: ತೆಂಗಿನ ಕರಟ, ಅದರ ಬಾಯಿಗೆ ಬಿಗಿದ ಉಡದ ಚರ್ಮ, ಬಿದಿರಿನ ಕತ್ತು, ಒಂದೇ ತಂತಿ. ಪಕ್ಕದಲ್ಲೊಂದು ಹಲ್ಲಿ.

"ಮಗಾ, ಇವತ್ತು ನನ್ನನ್ನು ಒಲೆಗೆ ಹಾಕುವ ಮಾತಿದೆ. ಚೆನ್ನೀರಪ್ಪ ಮಾತಾಡಿದಾಗ ಮಾತ್ರ ಲೊಚಗುಟ್ಟು," ಎಂದಿತು ಪಿಟೀಲು.

"ಆಗಲಿ ದೊಡ್ಡಪ್ಪ," ಎಂದಿತು ಹಲ್ಲಿ. ಉಡದ ಚರ್ಮದ ಕಡೆಯಿಂದ ಸಂಬಂಧ.

"ಇದು ಇನ್ನೂ ನುಡಿತೈತಿ," ಎಂದ ಚೆನ್ನೀರಪ್ಪ. ಹಲ್ಲಿ ಲೊಚಗುಟ್ಟಿತು. "ನೋಡು, ಹಲ್ಲಿನೇ ಸಾಕ್ಷಿ."

"ನೀರು ಕಾಸಾಕಷ್ಟೇ ಲಾಯಕ್ಕು," ಎಂದಳು ಹೆಂಡತಿ ಶಾಂತವ್ವ. ಹಲ್ಲಿ ಅದಕ್ಕೂ ಲೊಚಗುಟ್ಟಿತು.

ಸಾಕ್ಷಿ ತನ್ನದೆಂದು ಇಬ್ಬರೂ ಕಿತ್ತಾಡಿದರು. ಕೊನೆಗೆ ಇಬ್ಬರ ಚಪ್ಪಲಿಗಳೂ ಹಲ್ಲಿಯತ್ತಲೇ ಹಾರಿದವು. ಅದು ಗಾಬರಿಯಿಂದ ತಂತಿಯ ಮೇಲೆ ಓಡಿತು. ಪಿಟೀಲು ಟುಂಯ್ ಎಂದಿತು.

"ಅಯ್ಯ, ನುಡಿತೈತಲ್ಲ," ಎಂದು ಶಾಂತವ್ವ ಒಲೆಗೆ ಬೇರೆ ಕಟ್ಟಿಗೆ ತರಲು ಹೋದಳು.

"ನಿನ್ನ ಬಾಯಿಂದ ಆಗದ ಉಪಕಾರ ಕಾಲಿನಿಂದ ಆಯಿತು ಮಗಾ," ಎಂದಿತು ಪಿಟೀಲು.

ಹಲ್ಲಿ ಹೌದೆನ್ನಲು ಬಾಯಿ ತೆರೆದು, ಕೆಳಗೆ ಬಿದ್ದಿದ್ದ ಚಪ್ಪಲಿಗಳನ್ನು ನೋಡಿ ಮುಚ್ಚಿಕೊಂಡಿತು.