ಚಿಟ್ಟೆ ಚಾವಣಿಯ ಮನೆ

ಎಸ್ತರ್ ಟೀಚರ್ ಅವರ ಮನೆ ಕಟ್ಟಿದ್ದು ೧೯೫೮ರಲ್ಲಿ. ಕಂಬವಿಲ್ಲ, ಕಮಾನಿಲ್ಲ. ಗೋಡೆ ತುಂಬ ಗಾಜು, ಮೇಲೆ ಚಿಟ್ಟೆ ರೆಕ್ಕೆ ಎತ್ತಿದಂಥ ಚಾವಣಿ. ಊರಿನ ಹೆಗ್ಗುರುತು ಎಂದು ಘೋಷಿಸಿದರೆ ಮನೆ ಉಳಿಯುತ್ತಿತ್ತು. ಇಲ್ಲದಿದ್ದರೆ ಬರುವ ತಿಂಗಳು ರಸ್ತೆ ಅಗಲ ಮಾಡುವವರು ಕೆಡವುತ್ತಿದ್ದರು.

ನಗರಸಭೆಯ ಅಧ್ಯಕ್ಷ ಪಟ್ಟಣಶೆಟ್ಟರು ಅದಕ್ಕಾಗಿ ಬಂದ ಅರ್ಜಿಯನ್ನು ದೂರ ತಳ್ಳಿದರು. "ಈ ಡಬ್ಬಿ ಯಾರಿಗೆ ಗೊತ್ತದ? ಊರಾಗಿನ ಗಣ್ಯರೊಬ್ಬರು ಬರದು ಕೊಡ್ಲಿ, ಆಮ್ಯಾಲ ನೋಡೋಣು."

ಗುಮಾಸ್ತೆ ಮಹಾನಂದಾ ಆ ಟೀಚರ್ ಹತ್ತಿರವೇ ಅಕ್ಷರ ಕಲಿತವಳು. ಹೂಂ ಎಂದಳು. ಸಂಜೆ ಹೊರಡುವಾಗ ಕೇಳಿದಳು, "ಸಾಹೇಬ್ರ, ನಾಳೆ ರಜಾ. ಉಳಿದ ಕಡತ ಹೊಸ ಡ್ರೈವರ್ ಕೈಲಿ ನಿಮ್ಮ ಮನಿಗೇ ಕಳಸ್ತೀನ್ರಿ. ದಾರಿ ಬರದು ಕೊಡ್ರಿ."

ಶೆಟ್ಟರು ಲೆಟರ್‌ಹೆಡ್ ಎಳೆದು ಬರೆದರು: "ಬಸ್ ಸ್ಟ್ಯಾಂಡಿನಿಂದ ನೇರ ಬಂದು, ಚಿಟ್ಟೆ ಚಾವಣಿ ಮನೆ ಎಲ್ಲಿ ಅಂತ ಯಾರನ್ನಾದರೂ ಕೇಳು. ಊರಿಗೆ ಹೊಸಬರೂ ತೋರಿಸುತ್ತಾರೆ. ಅದರ ಹಿಂದಿನದೇ ನಮ್ಮ ಮನೆ." ಅಭ್ಯಾಸಬಲದಿಂದ ಸಹಿಯನ್ನೂ ಹಾಕಿದರು.

ಸೋಮವಾರದ ಸಭೆಯಲ್ಲಿ ಮಹಾನಂದಾ ಆ ಹಾಳೆಯನ್ನು ಅರ್ಜಿಗೆ ಲಗತ್ತಿಸಿ ಗಟ್ಟಿಯಾಗಿ ಓದಿದಳು.

"ಏ, ಇದು ನಮ್ಮನಿ ದಾರಿ!" ಎಂದರು ಶೆಟ್ಟರು.

"ಹೌದ್ರಿ. ತಪ್ಪಾಗಿದ್ರ, ಆ ಮನಿ ಹೆಸರಿಲ್ದ ಇನ್ನೊಂದು ಬರದು ಕೊಡ್ರಿ," ಎಂದು ಖಾಲಿ ಹಾಳೆ ಮುಂದಿಟ್ಟಳು.

ಶೆಟ್ಟರು ಪೆನ್ನು ತೆಗೆದರು. "ಬಸ್ ಸ್ಟ್ಯಾಂಡಿನಿಂದ" ಎಂದು ಬರೆದರು. "ನೇರ ಬಂದು" ಎಂದೂ ಸೇರಿಸಿದರು. ಆಮೇಲೆ ಅದನ್ನು ಹೊಡೆದುಹಾಕಿ, ಅರ್ಜಿಯ ಮೇಲೆ "ಮಂಜೂರು" ಎಂದು ಬರೆದರು.