ಏಡಿ ಎತ್ತಿದ ಕೈ ಇಳಿಸದಿರುವುದು ಯಾಕೆ

ಜಗತ್ತಿನ ಮೈಯ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಆಗ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ದಿನಾ ಜಗಳ.

"ಇಲ್ಲಿ ನೀರು ಸಿಹಿಯಾಗಿರಬೇಕು," ಅಂತಿತ್ತು ಹೊಳೆ.

"ಉಪ್ಪಾಗಿರಬೇಕು," ಅಂತಿತ್ತು ಕಡಲು.

ಜಗಳಾಡುತ್ತ ಆಡುತ್ತಲೇ ಎರಡೂ ನೀರು ಬೆರೆಯುತ್ತಿದ್ದವು. ಆ ಅರೆ ಉಪ್ಪಿನ ಕೆಸರಲ್ಲೇ ಏಡಿಯಣ್ಣನ ಮರಿಗಳು ಬೆಳೆಯುತ್ತಿದ್ದವು. ಬರೀ ಸಿಹಿ ಅವಕ್ಕೆ ಆಗದು, ಬರೀ ಉಪ್ಪೂ ಆಗದು.

ಒಂದು ದಿನ ದಡದ ಮೇಲೆ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆ ಗಂಟಲು ಸರಿಮಾಡಿಕೊಂಡಿತು.

"ಯಾಕಪ್ಪಾ ದಿನಾ ಕಿತ್ತಾಟ? ಎಲ್ಲರನ್ನೂ ಕೇಳಿಬಿಡೋಣ. ಸಿಹಿಯೋ, ಉಪ್ಪೋ? ಹೆಚ್ಚು ಜನ ಏನಂತಾರೋ ಅದೇ ಸರಿ."

ಕೇಳೋದಕ್ಕೆ ಎಷ್ಟು ಚೆನ್ನಾಗಿದೆ! ಎಲ್ಲರೂ ತಲೆದೂಗಿದರು. ಏಡಿಯಣ್ಣನ ಕಣ್ಣುಗಳು ಮಾತ್ರ ಅನುಮಾನದಿಂದ ಎದ್ದು ನಿಂತವು.

"ಕೊಕ್ಕರೆ ಮಾವ, ಈ ಪ್ರಶ್ನೆ ಕಟ್ಟಿದ್ದು ಯಾರು?"

"ಯಾರಾದರೇನಪ್ಪಾ? ನಾನೇ ಅಂತಿಟ್ಕೊ."

"ನಿಮ್ಮದು ಯಾವ ಕಡೆ?"

"ನಾನು ತಟಸ್ಥ. ತಟದ ಮೇಲೇ ನಿಂತಿದೀನಲ್ಲ, ಕಾಣಲ್ವಾ?"

"ಬೆರೆತ ನೀರೇ ಬೇಕು ಅನ್ನೋರು ಏನು ಹೇಳಬೇಕು?"

"ಅದು ಪ್ರಶ್ನೆಯಲ್ಲೇ ಇಲ್ಲವಲ್ಲ!"

"ಸುಮ್ನಿರೋ ಏಡಿ, ಯಾವಾಗಲೂ ಅಡ್ಡಮಾತು ನಿಂದು," ಅಂತ ಮೀನುಗಳು ನಕ್ಕವು.

ಎಣಿಕೆಯ ದಿನ ಹೊಳೆಯಿಂದ ಒಂದಿಷ್ಟು ಮೀನು ಬಂದವು. ಕಡಲಿಂದ ಬೂತಾಯಿ ಮೀನುಗಳು ಹಿಂಡುಹಿಂಡಾಗಿ ಬಂದವು. ಅಳಿವೆಯನ್ನು ಅವು ಕಂಡಿದ್ದೇ ಅವತ್ತು.

"ಇಲ್ಲಿ ಯಾರಿರ್ತಾರೆ ದೊಡ್ಡಮ್ಮಾ?" ಮರಿ ಬೂತಾಯಿ ಕೇಳಿತು.

"ಯಾರಿದ್ದರೆ ನಮಗೇನೇ? ಉಪ್ಪು ಅನ್ನು, ಮನೆಗೆ ಹೋಗೋಣ."

ಉಪ್ಪು ಗೆದ್ದಿತು. ಕಡಲಿಗೇ ಒಂದು ಗಳಿಗೆ ಗಾಬರಿಯಾಯಿತು. ಆದರೆ ಎಲ್ಲರೂ ಹೇಳಿದ ಮೇಲೆ ನಿಲ್ಲೋಕಾಗುತ್ತಾ? ಇಡಿಯಾಗಿ ಒಳಗೆ ನುಗ್ಗಿತು. ಹೊಳೆ ಹಿಂದೆ ಸರಿಯಿತು. ಏಡಿಯಣ್ಣನ ಮರಿಗಳು ಒಂದೊಂದಾಗಿ ಅಂಗಾತ ತೇಲಿದವು.

ಕೊಕ್ಕರೆ ದಡದಿಂದ ಇಳಿದು ಬಂತು. "ಅಯ್ಯೋ ಪಾಪ, ಅಯ್ಯೋ ಪಾಪ," ಅನ್ನುತ್ತ ಒಂದೊಂದನ್ನೇ ನುಂಗಿತು.

"ತಟಸ್ಥ ಅಂದಿದ್ದಿರಲ್ಲ ಮಾವ!"

"ಅದು ಆಗ. ಈಗ ಊಟದ ಹೊತ್ತು."

ಏಡಿಯಣ್ಣ ಉಳಿದ ಮರಿಗಳನ್ನು ಒಂದು ಕೈಯಲ್ಲಿ ಬಿಲದೊಳಗೆ ತಳ್ಳಿದ. ಇನ್ನೊಂದು ಕೈ ಮೇಲೆತ್ತಿ ಬೀಸಿದ. "ನಿಲ್ಲಿ! ನನ್ನದೊಂದು ಮಾತಿದೆ!" ಬೀಸಿದ, ಬೀಸಿದ, ಆ ಕೈ ಮೈಗಿಂತ ದೊಡ್ಡದಾಗಿ ಊದುವಷ್ಟು ಬೀಸಿದ.

ಕೊನೆಗೆ ಅದು ಕಡಲಿನ ಕಣ್ಣಿಗೆ ಬಿತ್ತು. "ಹೊಳೆಯಕ್ಕಾ, ಹೀಗೆ ಗೆದ್ದು ನಾನೇನು ಮಾಡಲಿ? ಒಂದು ಹೊತ್ತು ನಾನು ಒಳಗೆ ಬರ್ತೀನಿ, ಒಂದು ಹೊತ್ತು ನೀನು ಹೊರಗೆ ಬಾ."

"ಎಲ್ಲರನ್ನೂ ಕೇಳೋಣವಾ?"

"ಬೇಡ ಮಾರಾಯ್ತಿ. ಇಲ್ಲಿರೋನು ಏಡಿ. ಅವನ ಹತ್ತಿರ ಕೂತು ಮಾತಾಡೋಣ."

ಹಾಗೆ ಅಳಿವೆಯಲ್ಲಿ ನೀರು ಏರುವುದೂ ಇಳಿಯುವುದೂ ಶುರುವಾಯಿತು, ಉಳಿದ ಮರಿಗಳು ಬದುಕಿದವು. ಏಡಿಗಳಿಗೆ ಮಾತ್ರ ನಂಬಿಕೆ ಬಂದಿಲ್ಲ. ನೀರಿಳಿದಾಗ ಆ ಕೆಸರಿನ ಹತ್ತಿರ ಹೋಗಿ ನೋಡು ಮಗಾ: ಪುಟ್ಟ ಪುಟ್ಟ ಏಡಿಗಳು ಒಂದೇ ಒಂದು ದೊಡ್ಡ ಕೈ ಎತ್ತಿ ಬೀಸುತ್ತಲೇ ಇರುತ್ತವೆ, ಮತ್ತು ನಿನ್ನ ನೆರಳು ಬಿದ್ದರೆ ಸಾಕು, ಇನ್ನೇನೋ ಪ್ರಶ್ನೆ ಹಿಡಿದುಕೊಂಡು ಬಂದರು ಅಂತ ಬಿಲಕ್ಕೆ ಓಡಿಬಿಡುತ್ತವೆ.